ಕುಗ್ಗಿದ ಬೆಳ್ಳಕ್ಕಿ

ಮಾವನವರ ಕೈ ನಡುಗತೊಡಗಿದ ಮೇಲೆ ಆ ಕಾರ್ಖಾನೆಯ ಹಣೆಬರಹ ಸೊಸೆಯ ಕೈಗೆ ಬಂತು. ಕಾರ್ಖಾನೆ ಅಂದರೆ ಮನೆಯ ಹಿಂದಿನ ಒಂದೇ ಕೋಣೆ. ರದ್ದಿ ಕಾಗದ ನೆನೆಸಿ, ಅರೆದು, ಅಂಟು ಬೆರೆಸಿ, ಮ್ಯೂಸಿಯಮ್ಮುಗಳಿಗೆ ಹಕ್ಕಿಗಳನ್ನು ಮಾಡಿಕೊಡುವುದು ಅವರ ಕಸುಬು. ಮಗನಿಗೋ ಆ ಅಂಟು ಕಂಡರೆ ಸೀನು. ಅವನು ಬಸ್ಸು ಓಡಿಸಿಕೊಂಡು ಸುಖವಾಗಿದ್ದ. ಸೊಸೆ ಟೊಂಕ ಕಟ್ಟಿ ನಿಂತಳು. ಈ ಸಲದ ಹಕ್ಕಿ ಸರಿಹೋಗದಿದ್ದರೆ ಕೋಣೆಗೆ ಬೀಗವೇ ಗತಿ ಎಂದು ಮಾವ ಮೊದಲೇ ಹೇಳಿಬಿಟ್ಟಿದ್ದರು.

ಮ್ಯೂಸಿಯಮ್ಮಿನವರು ಕೇಳಿದ್ದು ಒಂದು ಜೋಡಿ: ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ನೋಡಿದವರಿಗೆ ವ್ಯತ್ಯಾಸ ತಿಳಿಯಬೇಕು. ದೊಡ್ಡದನ್ನು ಮಾವ ಕೈ ಗಟ್ಟಿಯಿದ್ದಾಗಲೇ ಮಾಡಿಟ್ಟಿದ್ದರು. ಸೊಸೆ ಲೆಕ್ಕದಲ್ಲಿ ಗಟ್ಟಿಗಿತ್ತಿ. ಅದನ್ನೇ ಕೊಕ್ಕಿನಿಂದ ಕಾಲುಗುರಿನವರೆಗೆ ಅಳೆದು, ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ, ಊಟದ ಪರಿವೆಯಿಲ್ಲದೆ ಚಿಕ್ಕದನ್ನು ಮಾಡಿ ಮುಗಿಸಿದಳು.

ಮಾವ ಕನ್ನಡಕ ಏರಿಸಿ ಅದರ ಸುತ್ತ ಒಂದು ಸುತ್ತು ಬಂದರು. ಸೊಸೆಯೂ ಅವರ ಹಿಂದೆಯೇ ಸುತ್ತಿದಳು.

“ಬಾಯಿ ಗೆರೆ ಎಲ್ಲಿವರೆಗೆ ಹೋಗಿದೆ ನೋಡಮ್ಮ,” ಎಂದರು.

ಕೊಕ್ಕು ಬಿಚ್ಚಿಕೊಳ್ಳುವ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿತ್ತು. ಅದು ದೊಡ್ಡದರ ಗುರುತು. ಮಧ್ಯಮದ್ದು ಜಾತಿಯೇ ಬೇರೆ, ಅದರ ಗೆರೆ ಕಣ್ಣಿನ ಕೆಳಗೇ ನಿಲ್ಲಬೇಕು. ಕೊಕ್ಕು ಇನ್ನೂ ಮೋಟಾಗಬೇಕು, ತಲೆ ದುಂಡಗಾಗಬೇಕು. ಪಾಪದ ಹುಡುಗಿ ಮಾಡಿದ್ದು ಒಗೆದು ಕುಗ್ಗಿದ ಅಂಗಿಯಂಥ ದೊಡ್ಡ ಬೆಳ್ಳಕ್ಕಿಯನ್ನು! ಅವಳ ಮುಖ ಸಪ್ಪಗಾಯಿತು. ಒಡೆದು ಮತ್ತೆ ಅರೆಯಲು ಕೈ ಚಾಚಿದಳು. ಮಾವ ಬೇಡವೆಂದರು, ಮೊದಲು ಕೆರೆಗೆ ಹೋಗಿ ನಿಜವಾದ ಹಕ್ಕಿ ನೋಡಿಕೊಂಡು ಬಾ, ಆಮೇಲೆ ಹೊಸದು ಮಾಡು ಎಂದರು.

ಗಂಡ ರಜೆ ಹಾಕಿ ಜೊತೆಗೆ ಹೋದ. ಅವನು ದಡದಲ್ಲಿ ತೂಕಡಿಸಿದ, ಅವಳು ಕಣ್ಣು ಮಿಟುಕಿಸದೆ ನೋಡಿದಳು. ಬಂದು ಮಾಡಿದ ಎರಡನೆಯ ಹಕ್ಕಿಯ ತಲೆ ದುಂಡಗಿತ್ತು, ಗೆರೆ ನಿಲ್ಲಬೇಕಾದಲ್ಲೇ ನಿಂತಿತ್ತು. ಮ್ಯೂಸಿಯಮ್ಮಿನವರು ಖುಷಿಯಿಂದ ಜೋಡಿಯನ್ನು ಒಯ್ದರು, ಮುಂದಿನ ಕೆಲಸವನ್ನೂ ಒಪ್ಪಿಸಿ ಹೋದರು.

ಕಸುಬಿನ ಹಕ್ಕಿ ಮನೆಯೊಳಗೆ ಕಾಲಿಡಕೂಡದು ಎಂಬುದು ಮಾವನ ಹಳೆಯ ಕಟ್ಟಪ್ಪಣೆ. ಅಂದು ಸೊಸೆ ಊಟಕ್ಕೆ ಬಂದರೆ ಆ ಕುಗ್ಗಿದ ಹಕ್ಕಿ ಮೇಜಿನ ಪಕ್ಕದಲ್ಲೇ ನಿಂತಿತ್ತು. ಅವಳಿಗೆ ನಾಚಿಕೆಯಾಯಿತು. ತಪ್ಪಾಗಿರೋದನ್ನ ಯಾಕೆ ಇಟ್ಟಿರಿ ಎಂದು ಕೇಳಿದಳು.

“ಅವೆರಡು ಅವರದ್ದು. ಇದು ನಮ್ಮನೇದು,” ಎಂದರು ಮಾವ. “ಮೂತಿ ನನ್ನ ಹಕ್ಕೀದು, ಕೈಕೆಲಸ ನಿಂದು. ಹೊರಗೆ ಹಾಕೋಕೆ ನಂಗೆ ಮನಸ್ಸಾಗಲ್ಲ.”

ಸೊಸೆಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಗ ಬಂದು ಕುಳಿತವನೇ ಒಂದರ ಮೇಲೊಂದು ಸೀನತೊಡಗಿದ.

ಮಾವ ತಟ್ಟೆ ಎತ್ತಿ ಅವನ ಕೈಗೆ ಕೊಟ್ಟು, ಆಚೆ ಕೋಣೆಯಲ್ಲಿ ಕೂತು ಊಟ ಮಾಡು ಎಂದರು.