ನಾಲ್ಕನೆಯ ಗ್ಲಾಸಿಗೆ ತೊಂಬತ್ತಾರು

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಆಕೆ ನಾಲ್ಕನೆಯ ಗ್ಲಾಸಿಗೆ ನೂರಕ್ಕೆ ತೊಂಬತ್ತಾರು ಅಂಕ ಬರೆದಳು. ತೀರ್ಪುಗಾರ್ತಿಯಾದ ಒಂಬತ್ತು ವರ್ಷಗಳಲ್ಲಿ ಆಕೆ ತೊಂಬತ್ತೊಂದನ್ನು ದಾಟಿದವಳಲ್ಲ.

ಮೇಜಿನ ಮೇಲೆ ಹನ್ನೆರಡು ಗ್ಲಾಸುಗಳಿದ್ದವು. ಬಣ್ಣ ನೋಡಿ ಮನಸ್ಸು ವಾಲಬಾರದೆಂದು ಎಲ್ಲವೂ ಕಡುನೀಲಿ. ಪ್ರತಿಯೊಂದರಲ್ಲೂ ಒಬ್ಬೊಬ್ಬ ಸಣ್ಣ ತಯಾರಕರ ಮಿಶ್ರ ಸ್ಕಾಚ್ ವಿಸ್ಕಿ. ತಳದಲ್ಲಿ ಸಂಖ್ಯೆ ಮಾತ್ರ, ಹೆಸರಿಲ್ಲ. ಐವರು ತೀರ್ಪುಗಾರರು ಗೋಡೆಗೆ ಮುಖಮಾಡಿ ಕೂತು ಮೂಸುತ್ತಿದ್ದರು, ಹೀರುತ್ತಿದ್ದರು, ಬಕೆಟ್ಟಿಗೆ ಉಗಿದು ಬರೆಯುತ್ತಿದ್ದರು.

ಅಂಕದ ಪಕ್ಕ ಕಾರಣ ಬರೆಯಲು ಆಕೆ ಇನ್ನೊಂದು ಗುಟುಕು ತೆಗೆದುಕೊಂಡಳು. ಹೊಗೆಯಿದೆ, ಮೂಗಿಗೆ ರಾಚುವುದಿಲ್ಲ. ಕೊನೆಗೆ ನಾಲಿಗೆ ಒಣಗುವುದಿಲ್ಲ. ಪೆನ್ಸಿಲ್ ಅಲ್ಲಿಗೇ ನಿಂತಿತು. ಇವೆರಡರ ಬಗ್ಗೆಯೂ ಆಕೆ ಅಕ್ಕನ ಮನೆಯ ಊಟದ ಮೇಜಿನಲ್ಲಿ ದೂರು ಹೇಳಿದ್ದಳು.

ಅಕ್ಕನ ಗಂಡ ಬೇರೆ ಬೇರೆ ಸ್ಕಾಚ್ ಬೆರೆಸಿ ಹದಗೊಳಿಸುವ ಕಸುಬಿನವನು. ಸಾಲಾಗಿ ಮೂರು ಭಾನುವಾರ ಚೀಟಿಯಿಲ್ಲದ ಬಾಟಲಿ ತಂದಿಟ್ಟಿದ್ದ.

"ಕೆಲಸದಲ್ಲಿ ಮಿಕ್ಕಿದ್ದು, ಸುಮ್ನೆ ಕುಡಿ."

"ನಾದಿನಿಗೆ ಮಿಕ್ಕಿದ್ದೇ ಗತಿಯಾ ಭಾವ?" ಎಂದು ಆಕೆ ನಕ್ಕಿದ್ದಳು.

ಮೊದಲ ವಾರ ಹೊಗೆ ಜಾಸ್ತಿಯಾಯಿತು ಅಂದಳು. ಎರಡನೆಯ ವಾರ ಹೊಗೆ ಇಳಿದಿತ್ತು. ನಾಲಿಗೆ ಒಣಗುತ್ತೆ ಅಂದಳು. ಮೂರನೆಯ ವಾರ ಏನೂ ಅನ್ನದೆ ಮತ್ತೊಮ್ಮೆ ಹಾಕಿಸಿಕೊಂಡಳು. ಸ್ಪರ್ಧೆಗೆ ಕಳಿಸುತ್ತೀರಾ ಎಂದು ಕೇಳಿಯೂ ಇದ್ದಳು. "ಈ ವರ್ಷ ಇಲ್ಲ ಬಿಡು" ಅಂದಿದ್ದ. ಆ ಮಾತು ನಂಬಿ, ಸ್ಪರ್ಧಿಗಳಲ್ಲಿ ತನ್ನ ಸಂಬಂಧಿಕರಿಲ್ಲವೆಂಬ ಹೇಳಿಕೆಗೆ ರುಜು ಹಾಕಿದ್ದಳು.

ಮುಖ್ಯ ತೀರ್ಪುಗಾರರಲ್ಲಿ ಐದು ನಿಮಿಷ ಕೇಳಿಕೊಂಡು ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಭಾವ ಸ್ಪರ್ಧೆಗೆ ಕಳಿಸಿದ್ದಾರಾ?"

ಆ ಕಡೆ ನಲ್ಲಿಯ ಸದ್ದು ನಿಂತಿತು. "ಕಳಿಸಿದ್ರೆ ಏನೀಗ? ನಿಂಗೆ ಇಷ್ಟ ಆಗಿದ್ದನ್ನೇ ಮಾಡಿದ್ದು. ಸುಳ್ಳು ಅಂಕ ಕೊಡು ಅಂತ ನಾವೇನಾದ್ರೂ ಕೇಳಿದ್ವಾ?"

"ನಿಂಗೂ ಗೊತ್ತಿತ್ತಾ?"

"ನೀನು ಅಂದಿದ್ದನ್ನೆಲ್ಲ ಬರೆದಿಟ್ಟವಳೇ ನಾನು. ಅವರಿಗೆ ಅಂಗಡಿಯಿಂದ ಎರಡು ಸಾಮಾನು ತರೋಕೇ ನೆನಪಿರಲ್ಲ." ಅಕ್ಕ ಸಣ್ಣಗೆ ನಕ್ಕಳು. "ನೋಡೇ, ಹೋಗಿ ಕೂತ್ಕೊ. ನೀನು ಬಾಯಿಬಿಡದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನ್ನ ರುಜು ಇದೆ ಅಕ್ಕ."

"ನನ್ನ ಸಂಸಾರಾನೂ ಇದೆ ಕಣೇ."

ಆಕೆ ಫೋನಿಟ್ಟು ಒಳಗೆ ಬಂದಳು. ತೊಂಬತ್ತಾರರ ಮೇಲೆ ಗೆರೆ ಎಳೆದು, 'ಇದನ್ನು ಮೊದಲೇ ಕುಡಿದಿದ್ದೇನೆ. ನನ್ನ ಭಾವನದು' ಎಂದು ಬರೆದು ಹಾಳೆಯನ್ನು ಮುಖ್ಯ ತೀರ್ಪುಗಾರರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಅಂಕ ಬೇಕಂತ ಜಾಸ್ತಿ ಹಾಕಿದ್ರಾ?"

"ಇಲ್ಲ ಸಾರ್. ನಿಜವಾಗಿಯೂ ಹಿಡಿಸ್ತು."

"ನಿಯಮದ ಪ್ರಕಾರ ಹೊರಗೆ ಹೋಗಬೇಕಾದ್ದು ತೀರ್ಪುಗಾರರು, ಬಾಟಲಿ ಅಲ್ಲ. ಗೊತ್ತಲ್ಲ?"

"ಗೊತ್ತು."

ಅವರು ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿದರು. ಆಕೆಯ ಮೇಜಿನಲ್ಲಿ ಇನ್ನೂ ಮುಟ್ಟದ ಎಂಟು ಗ್ಲಾಸುಗಳನ್ನು ತಾವೇ ಎರಡೆರಡಾಗಿ ಎತ್ತಿಕೊಂಡು ಹೋದರು. ಉಳಿದ ನಾಲ್ವರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಫಲಿತಾಂಶ ಸಂಜೆ ನಾಲ್ಕಕ್ಕೆ ಬಂತು. ಉಳಿದ ನಾಲ್ವರ ಅಂಕ ಕೂಡಿಸಿದಾಗ ನಾಲ್ಕನೆಯ ಗ್ಲಾಸು ಹನ್ನೆರಡರಲ್ಲಿ ಒಂಬತ್ತನೆಯದಾಯಿತು.