ಅಪ್ಪನ ಮರಿಗೆ

ನನ್ನ ಅಪ್ಪ, ಹೆಸರು ಎಲ್ಕಾನ, ಮಾತಿನಲ್ಲಿ ಬಡವ, ಕೈಕೆಲಸದಲ್ಲಿ ಗಟ್ಟಿಗ. ಮದುವೆಯಾದ ವರ್ಷ ಅಮ್ಮನಿಗೆ ಹಿಟ್ಟು ನಾದಲು ಮರದ ದಿಮ್ಮಿ ತೋಡಿ ಒಂದು ಉದ್ದನೆಯ ಮರಿಗೆ ಕೆತ್ತಿಕೊಟ್ಟಿದ್ದ. ಅದರ ಅಂಚಿನಲ್ಲಿ ಎರಡು ಹಕ್ಕಿ. ಹಕ್ಕಿ ಎಂದು ಅವನು ಹೇಳುತ್ತಿದ್ದ, ಅಷ್ಟೇ; ನೋಡಿದವರಿಗೆಲ್ಲ ಮೀನು ಕಾಣುತ್ತಿತ್ತು. ಅಮ್ಮ ಅದಕ್ಕಾಗಿ ಅವನನ್ನು ಆಡಿಕೊಳ್ಳದ ದಿನವಿಲ್ಲ. ಆದರೂ ಮಿಸ್ಸೌರಿಯ ಮನೆ ಮಾರಿ ದೂರದ ಆರೆಗಾನ್‌ಗೆ ಹತ್ತಾರು ಮನೆಯವರೊಡನೆ ಗಾಡಿ ಕಟ್ಟಿದಾಗ ಮಂಚ ಬಿಟ್ಟಳು, ಕನ್ನಡಿ ಬಿಟ್ಟಳು, ಮರಿಗೆಯನ್ನು ಮಾತ್ರ ಬಿಡಲಿಲ್ಲ.

ಪ್ಲ್ಯಾಟ್ ನದಿಯ ದಂಡೆಯಲ್ಲಿ ನನ್ನ ತಮ್ಮ ಆಸಾ ಜ್ವರ ಬಂದು ತೀರಿಕೊಂಡ. ಇನ್ನೂ ಹಲ್ಲು ಮೂಡಿರಲಿಲ್ಲ. ಪೆಟ್ಟಿಗೆ ಮಾಡೋಣವೆಂದರೆ ಆ ಬಯಲಿನಲ್ಲಿ ಮರವೇ ಇಲ್ಲ. ಅಮ್ಮ ಯಾರನ್ನೂ ಕೇಳದೆ ಮರಿಗೆಯ ಹಿಟ್ಟು ಕೊಡವಿ ಅವನನ್ನು ಅದರಲ್ಲಿ ಮಲಗಿಸಿದಳು. ತೋಳಗಳು ಕೆದಕಬಾರದೆಂದು ಗಾಡಿದಾರಿಯ ನಟ್ಟನಡುವೆ ಹೂಳುವುದು ನಮ್ಮವರ ರೂಢಿ. ಗುಂಡಿ ಮುಚ್ಚಿದ ಮೇಲೆ ಎಲ್ಲ ಗಾಡಿಗಳೂ ಅದರ ಮೇಲೆ ಹಾಯಬೇಕು, ಗುರುತೇ ಉಳಿಯಬಾರದು. ಮೊದಲ ಗಾಡಿ ನಮ್ಮದೇ. ಅಪ್ಪ ತಲೆ ತಗ್ಗಿಸಿ ಎತ್ತು ಹೊಡೆದ. ಅಮ್ಮ ದಾರಿ ಬಿಟ್ಟು ಹುಲ್ಲಿನಲ್ಲಿ ನಡೆದಳು. ಆಮೇಲೆ ವರ್ಷಗಟ್ಟಲೆ ಅವನಿಗೆ ಊಟ ಬಡಿಸಿದಳೇ ಹೊರತು ಆಡಿಕೊಂಡು ನಗಲಿಲ್ಲ. ಅವನ ತಪ್ಪೇನಿತ್ತು ಎಂದು ನಾನು ಈಗಲೂ ಜಗಳಕ್ಕೆ ನಿಲ್ಲಬಲ್ಲೆ.

ಸಾಯುವಾಗ ಅಪ್ಪ ಅಮ್ಮನನ್ನು ಕೇಳಿದ್ದು ಒಂದೇ. “ಕೆಜಾಯ, ಮಗೂನ ಕರ್ಕೊಂಡ್ ಬಾ. ನನ್ ಪಕ್ಕ ಮಲಗ್ಸು.”

ಅಷ್ಟರಲ್ಲಿ ನಮ್ಮ ಕಡೆಗೂ ರೈಲು ಬಂದಿತ್ತು. ಎಲುಬು ಕಟ್ಟಿ ತರಲು ಅಮ್ಮ ಒಂದು ಬಿಳಿ ಬಟ್ಟೆ ಮಡಿಸಿಟ್ಟುಕೊಂಡು ಹೊರಟಳು. ಗೊಣಗುತ್ತ ನಾನೂ ಹೊರಟೆ. ಆಸಾನನ್ನು ಹೂತ ಜಾಗದ ಎದುರಿಗಿದ್ದ ಸೀಳುಗುಡ್ಡದ ಗುರುತು ತನ್ನ ಕಣ್ಣಲ್ಲೇ ಇದೆ ಎನ್ನುತ್ತಿದ್ದಳು. ಹೋಗಿ ನೋಡಿದರೆ ಗುಡ್ಡವೇನೋ ಇತ್ತು. ದಾರಿಯೇ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ. ಗುರುತು ಉಳಿಯಬಾರದೆಂದು ನಾವೇ ಅಷ್ಟು ಚೆನ್ನಾಗಿ ಅಳಿಸಿದ್ದೆವಲ್ಲ, ಇನ್ನು ಎಲ್ಲಿ ಹುಡುಕುವುದು?

ಬಿಸಿಲಲ್ಲಿ ಪೆಚ್ಚಾಗಿ ನಿಂತ ನಮ್ಮನ್ನು ಹೊಲದ ಮನೆಯ ಹೆಂಗಸು ಒಳಗೆ ಕರೆದಳು. ಹೆಸರು ಇಂಗೆರ್, ನಾರ್ವೆಯಿಂದ ಬಂದವಳು. ಮನೆ ತುಂಬ ಮಕ್ಕಳು. ಒಲೆಯಿಂದ ಬ್ರೆಡ್ ತೆಗೆದು, ಮುಂದಿನ ಸರದಿಗೆ ಹಿಟ್ಟು ನಾದುತ್ತಿದ್ದಳು. ನೀರು ಕುಡಿಯುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ನಾನೂ ನೋಡಿದೆ. ಮರಿಗೆಯ ಒಂದು ಬದಿ ಸೀಳಿತ್ತು, ತಗಡು ಬಡಿದಿದ್ದರು. ಅಂಚಿನಲ್ಲಿ ಅದೇ ಎರಡು ಹಕ್ಕಿ.

ಇದು ಎಲ್ಲಿಯದೆಂದು ಅಮ್ಮ ಮೆಲ್ಲಗೆ ಕೇಳಿದಳು.

“ಈ ಹೊಲಾನೇ ಕೊಟ್ಟಿದ್ದಮ್ಮ. ಮೊದಲ್ನೇ ಸಲ ಉಳುವಾಗ ನೇಗಿಲಿಗೆ ಸಿಕ್ತು. ಯಾವ್ದೋ ಗಾಡಿಯಿಂದ ಬಿದ್ದಿರ್ಬೇಕು. ಆಗ ಮನೇಲಿ ಒಂದ್ ನೆಟ್ಟಗಿರೋ ಪಾತ್ರೆ ಇರ್ಲಿಲ್ಲ. ದೇವ್ರೇ ಕೊಟ್ಟ ಅಂತ ತೊಳ್ಕೊಂಡೆ. ಮೀನು ನೋಡಿ, ಎಷ್ಟ್ ಮುದ್ದಾಗಿದಾವೆ.”

“ಅದು ಹಕ್ಕಿ,” ಎಂದಳು ಅಮ್ಮ. ಲೋಟ ಕೆಳಗಿಟ್ಟು, “ಒಳಗೇನಾದ್ರೂ ಇತ್ತಾ?”

“ಏನಿರತ್ತೆ? ಬರೀ ಮಣ್ಣು. ಹೊಲಕ್ಕೇ ಸುರಿದ್ವಿ.”

ನನ್ನ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದಳು. ಇಂಗೆರ್ ಬ್ರೆಡ್ ಕೊಯ್ದು, ಬೆಣ್ಣೆ ಸವರಿ ಎಲ್ಲರಿಗೂ ಕೊಟ್ಟಳು. ತನ್ನದೇ ಹೊಲದ ಗೋಧಿ ಎಂದು ಹೆಮ್ಮೆಪಟ್ಟಳು. ಮಕ್ಕಳು ತಿನ್ನುವುದನ್ನು ಅಮ್ಮ ಒಂದಷ್ಟು ಹೊತ್ತು ನೋಡಿದಳು. ಆಮೇಲೆ ತನ್ನ ಪಾಲನ್ನು ಚೂರೂ ಬಿಡದೆ ತಿಂದಳು. ನಾನು ನನ್ನ ಪಾಲನ್ನು ಪಕ್ಕದ ಮಗುವಿನ ಕಡೆಗೆ ಸರಿಸಿದೆ.

ಇಷ್ಟು ದೂರ ಯಾಕೆ ಬಂದಿರಿ ಎಂದು ಇಂಗೆರ್ ವಿಚಾರಿಸಿದಳು.

“ಮಗನ್ನ ನೋಡೋಕೆ,” ಎಂದಳು ಅಮ್ಮ.

“ಸಿಕ್ಕಿದ್ನಾ?”

“ಸಿಕ್ಕಿದ.”

ಹೊರಡುವಾಗ ಅಮ್ಮ ಒಂದು ಇಡೀ ಬ್ರೆಡ್ ಕೇಳಿ ಪಡೆದಳು. ಆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡಳು. ದಾರಿಗೆ ಬಿದ್ದದ್ದೇ ನಾನು ರೇಗಿದೆ, ಅವಳಿಗೆ ಯಾಕೆ ಹೇಳಲಿಲ್ಲ ಎಂದು.

“ಹೇಳಿದ್ರೆ ನಾಳೆಯಿಂದ ಅವಳು ಯಾತ್ರಲ್ಲಿ ನಾದ್ತಾಳೆ?”

ರೈಲಿನಲ್ಲಿ ಅಮ್ಮ ಆ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ. ಹಸಿದರೂ ನನಗೆ ಮುಟ್ಟಗೊಡಲಿಲ್ಲ.

ಊರಿಗೆ ಬಂದು ಪಾದ್ರಿಗೆ ತಿಳಿಸದೆ ಅಪ್ಪನ ಪಕ್ಕದಲ್ಲಿ ನಾನೇ ಗುಂಡಿ ತೋಡಿದೆ. ಅಷ್ಟರಲ್ಲಿ ಬ್ರೆಡ್ ಒಣಗಿ ಕಲ್ಲಾಗಿತ್ತು. ಅಮ್ಮ ಅದನ್ನು ಬಟ್ಟೆ ಸಮೇತ ಒಳಗಿಟ್ಟು, ಕೈಯಿಂದಲೇ ಮಣ್ಣು ಎಳೆದಳು. ಆಮೇಲೆ ಅಪ್ಪನ ಕಡೆ ತಿರುಗಿ ಕೂತಳು.

“ಅವಳೂ ಮೀನು ಅಂದ್ಲು ಕಣ್ರೀ,” ಎಂದಳು. ನಗಲು ಹೋಗಿ, ಅಂದು ಹುಲ್ಲಿನಲ್ಲಿ ನಡೆಯುವಾಗ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು.