ಹಣಮಂತ್ರಾಯನ ಶಾಯಿ

"ಶಾಯಿ ಎಲ್ಲೈತಿ ತಮ್ಮಾ? ಲಗೂ ಕೊಡು, ಮಣ್ಣಿಗೆ ಒಯ್ಯೂದರಾಗ ಬರದ ಬಿಡ್ತೇನಿ."

ವಿದ್ಯಾವತಿ ಅಕ್ಕೋರು ಸೆರಗು ಸಿಕ್ಕಿಸಿಕೊಂಡು, ತೊಡೆಯ ಮೇಲೆ ದಪ್ಪ ಹಾಳೆ ಹರವಿ, ಕುಂಚವನ್ನು ಲೋಟದ ನೀರಿನಲ್ಲಿ ಅದ್ದುತ್ತಿದ್ದರು. ಸುನೀಲಕುಮಾರ ಕೇಳಿಸಿಯೂ ಕೇಳಿಸದವನಂತೆ ಅಪ್ಪನ ಕಾಲ ಬಳಿಯ ಮೇಣದಬತ್ತಿಯನ್ನು ಸರಿಮಾಡಿದ.

ತಾಂಬಾ ಊರಿನ ಆ ಮನೆಯ ಅಂಗಳದಲ್ಲಿ ಹಣಮಂತ್ರಾಯನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಫೋಟೋ ತೆಗೆಸಿಕೊಳ್ಳುವುದೆಂದರೆ ಆತನಿಗೆ ಆಗುತ್ತಿರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದೊಂದೇ. ಅದನ್ನು ದೊಡ್ಡದು ಮಾಡಿಸಿದರೆ ಮುಖದ ಜಾಗದಲ್ಲಿ ಬೂದಿ ಬಣ್ಣದ ಚುಕ್ಕೆಗಳಷ್ಟೇ ಬಂದವು. ಆಗ, ಸಿಂದಗಿಯಿಂದ ಬಂದಿದ್ದ ಈ ಡ್ರಾಯಿಂಗ್ ಟೀಚರ್ ತಾವೇ ಬರೆದುಕೊಡುತ್ತೇನೆ ಎಂದಿದ್ದರು. ಹಣಮಂತ್ರಾಯನ ಶಾಯಿ ಕೊಂಡ ಮೊದಲ ಗಿರಾಕಿ ಅವರೇ.

"ಕಪಾಟ ತುಂಬ ಇಟ್ಕೊಂಡಾನ, ಒಂದ ಬಾಟ್ಲಿ ಸಿಗವಲ್ದು ಇವಂಗ," ಎಂದ ಸೋದರಮಾವ ಸಂಜೀವಕುಮಾರ. "ಮಾರೂದಂದ್ರ ಇಷ್ಟೊತ್ತಿಗೆ ಪಾರ್ಸಲ್ ಹೋಗಿರ್ತಿತ್ತು."

ತಾಯಿ ಸಾವಿತ್ರವ್ವ ಗೋಡೆಗೆ ಒರಗಿಕೊಂಡೇ ಅಂದಳು, "ಕೊಡೋ ಯಪ್ಪಾ. ಅವರ ಶಾಯಿಲೆ ಅವರ ಮಾರಿ ಬರದರ ಸಾಕು. ಇನ್ನೇನ ಬೇಕಿತ್ತು ಅವರಿಗೆ."

ಸುನೀಲ ಎದ್ದ.

*

ಹಣಮಂತ್ರಾಯ ಮೊದಲು ಗೋಡೆಗಳ ಮೇಲೆ ಬೋರ್ಡು ಬರೆಯುವ ಪೇಂಟರ್. ಪೇಂಟಿನ ವಾಸನೆಗೆ ದಮ್ಮು ಹತ್ತಿ ಆ ಕೆಲಸ ಬಿಟ್ಟ. ಇಂಡಿ ಪಟ್ಟಣದ ಜ್ಯೂಸ್ ಅಂಗಡಿಗಳ ಮುಂದೆ ಬಿದ್ದ ದಾಳಿಂಬೆ ಸಿಪ್ಪೆಯನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತರತೊಡಗಿದ. ಸಿಪ್ಪೆ ಕುದಿಸಿದ ನೀರಿಗೆ, ಹುಳಿ ಮಜ್ಜಿಗೆಯಲ್ಲಿ ತುಕ್ಕು ಮೊಳೆ ನೆನೆಹಾಕಿದ ರಸ ಬೆರೆಸಿ, ಜಾಲಿ ಅಂಟು ಕಲಸಿದರೆ ಶಾಯಿ. ಬರೆದಾಗ ತೆಳು ಚಹಾದ ಬಣ್ಣ. ಮರುದಿನಕ್ಕೆ ಕಪ್ಪು. ಒಮ್ಮೆ ಒಣಗಿತೆಂದರೆ ನೀರು ಸುರಿದರೂ ಹೋಗದು.

ಡಿಗ್ರಿ ಮುಗಿಸಿ ಬಂದ ಮಗ ಅದಕ್ಕೊಂದು ಹೆಸರಿಟ್ಟ, ಸೀಸೆ ತಂದ, ಚೀಟಿ ಅಚ್ಚು ಹಾಕಿಸಿದ: 'ಹಣಮಂತ್ರಾಯನ ಶಾಯಿ. ಚೆಲ್ಲಿದರೂ ಮಣ್ಣು ಕೆಡದು.' ಪುಣೆ, ಮೈಸೂರುಗಳ ಚಿತ್ರಕಾರರು ತರಿಸಿಕೊಂಡರು. ಜೊತೆಗೇ ತಕರಾರೂ ಬಂತು. ಬಣ್ಣ ಪೇಲವ, ಕಪ್ಪಾಗುವುದು ತಡ, ಕಳಿಸುವುದೂ ತಡ. ಸುನೀಲ ಸೊಲ್ಲಾಪುರದಿಂದ ಕರಿ ಬಣ್ಣದ ಪುಡಿ ತಂದ. ಮೊದಲು ಚಿಟಿಕೆ, ಆಮೇಲೆ ಚಮಚ. ಕೊನೆಗೆ ಪುಡಿ ಮತ್ತು ನೀರು, ಅಷ್ಟೇ.

ಒಂದು ಸಂಜೆ ಅಪ್ಪ ಸೀಸೆಯೊಂದನ್ನು ತೆರೆದು ಅಂಗೈ ಮೇಲೆ ಗೆರೆ ಎಳೆದುಕೊಂಡ. ಗೆರೆ ಎಳೆದಾಗಲೇ ಕಪ್ಪಗಿತ್ತು. ಬಚ್ಚಲಿಗೆ ಹೋಗಿ ತೊಳೆದ. ಗೆರೆ ಹೋಯಿತು.

"ಚೀಟಿ ಮ್ಯಾಲಿಂದ ನನ್ನ ಹೆಸರ ತಗೀಪಾ."

"ಅಪ್ಪಾ, ಜನ ತಗೊಳ್ಳೂದ ಆ ಹೆಸರಿಗೆ."

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಹೆಸರೂ ಹೋಗಲಿಲ್ಲ. ಸಿಪ್ಪೆಯ ಚೀಲ ಬರುವುದು ಮಾತ್ರ ನಿಂತಿತು. ಊರವರು, ವಯಸ್ಸಾಯಿತು ಅಂದುಕೊಂಡರು.

*

ಅಪ್ಪನ ಕೈಯದೊಂದು ಸೀಸೆಯಾದರೂ ಉಳಿದಿರಬಹುದೆಂದು ಸುನೀಲ ಕಪಾಟಿನ ಹಿಂದಿನ ಸಾಲಿನವರೆಗೂ ಕೈ ಹಾಕಿದ. ಇರಲಿಲ್ಲ. ಶಾಯಿ ತೀರಿದೆ ಅನ್ನಬಹುದಿತ್ತು. ನಿಜವನ್ನೇ ಹೇಳಿಬಿಡಬಹುದಿತ್ತು. ಮಾವ ಮತ್ತೆ ಕೂಗಿದ. ಸುನೀಲ ಕೈಗೆ ಬಂದದ್ದನ್ನು ತಂದು ಕೊಟ್ಟ.

ಹಣೆಯ ಗೆರೆ ಎಳೆದ ಕೂಡಲೇ ಕುಂಚ ನಿಂತಿತು. ಅಕ್ಕೋರು ಹಾಳೆಯನ್ನು ಬಿಸಿಲಿಗೆ ಹೊರಳಿಸಿದರು. ಸೀಸೆ ಮೂಸಿದರು.

"ಭಾಳ ಲಗೂ ಕಪ್ಪಾತಲ್ಲ ತಮ್ಮಾ."

ಸುನೀಲ ಬಗ್ಗಿ ಮೇಣದಬತ್ತಿಯನ್ನು ಮತ್ತೆ ಸರಿಮಾಡಿದ.

"ಏನರ ಹೆಚ್ಚುಕಡಿಮಿ ಐತೇನ್ರಿ ಅಕ್ಕೋರ?" ಎಂದಳು ಸಾವಿತ್ರವ್ವ.

ಅಕ್ಕೋರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಇಲ್ಲಬೇ ಯವ್ವಾ. ಚೊಲೊ ಐತಿ." ಚಿತ್ರ ಮುಗಿಯುವವರೆಗೆ ಅವರು ಮತ್ತೆ ತಲೆ ಎತ್ತಲಿಲ್ಲ. ಮುಗಿದ ಮೇಲೂ ಸುನೀಲನ ಕಡೆ ನೋಡಲಿಲ್ಲ.

ಹೊರಟಾಗ ಚಿತ್ರ ಹಿಡಿದು ಮುಂದೆ ನಡೆಯುವುದು ಮಗನ ಪಾಲಿಗೆ ಬಂತು. ಹಾಳೆಯನ್ನು ರಟ್ಟಿಗೆ ಅಂಟಿಸಿದ್ದರು, ಗಾಜಿರಲಿಲ್ಲ. ನೀರು ಚಿಮುಕಿಸಿಟ್ಟಿದ್ದ ಚೆಂಡುಹೂವಿನ ಹಾರವನ್ನು ಮಾವ ಅದರ ಮೇಲೆ ಹಾಕಿದ. ಓಣಿ ದಾಟುವಷ್ಟರಲ್ಲಿ ಹಾರದ ನೀರು ಇಳಿದು ಕಿವಿಯ ಪಕ್ಕದ ಕೂದಲು ಕದಡಿತು. ಅಪ್ಪನ ಶಾಯಿಯಾಗಿದ್ದರೆ ಹೀಗಾಗುತ್ತಿರಲಿಲ್ಲವೆಂದು ತಿಳಿದವರು ಆ ಗುಂಪಿನಲ್ಲೇ ಇದ್ದರು. ಸುನೀಲ ಹಾರ ಕಿತ್ತು ಹೆಗಲಿಗೆ ಹಾಕಿಕೊಂಡು, ಚಿತ್ರವನ್ನು ಒಳಮುಖ ಮಾಡಿ ಎದೆಗೆ ಒತ್ತಿಕೊಂಡ.

"ಅಪ್ಪನ್ನ ಹೆಂಗ ಅವಚ್ಕೊಂಡಾನ ನೋಡ," ಎಂದಳು ಹಾದಿಬದಿಯ ಮನೆ ಬಾಗಿಲಲ್ಲಿ ನಿಂತಿದ್ದ ಸಿದ್ದವ್ವ. "ಹಡದರ ಇಂಥಾ ಮಗನ್ನ ಹಡೀಬೇಕು."

ಅವನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಬೆವರಿಗೆ ಅಂಗಿ ತೊಯ್ಯುತ್ತಿತ್ತು.

ಕುಣಿಯ ಬಳಿ ಬುದ್ಧನ ತ್ರಿಸರಣ ಹೇಳಿ ಮುಗಿಸಿದರು. ದೇಹವನ್ನು ಇಳಿಸಿದರು.

"ಎಲ್ಲಾರೂ ಕಡೀಗೊಮ್ಮಿ ಮಾರಿ ನೋಡ್ಲಿ. ತಿರುವೋ," ಎಂದ ಮಾವ. ಸುನೀಲ ಅಲ್ಲಾಡಲಿಲ್ಲ. ಮಾವನೇ ರಟ್ಟನ್ನು ಎಳೆದುಕೊಂಡು ಜನರತ್ತ ಎತ್ತಿ ಹಿಡಿದ. ಅದರಲ್ಲಿ ಮಸಿನೀರು ಹರಿದ ಗುರುತಷ್ಟೇ ಇತ್ತು. ಜನ ಅದನ್ನು ನೋಡುತ್ತಿರಲಿಲ್ಲ.

ಸುನೀಲನ ಬಿಳಿ ಅಂಗಿಯ ಮೇಲೆ, ಬಲಗೆನ್ನೆಯ ಮಚ್ಚೆ ಎಡಕ್ಕೆ ಬಂದು, ಹಣಮಂತ್ರಾಯ ಬಾಯಿ ಬಿಗಿದುಕೊಂಡು ಎಲ್ಲರನ್ನೂ ನೋಡುತ್ತಿದ್ದ.